ಅಪ್ಪಾ, ಮೊದಲು ಕಾಲು ತೋರಿಸಿ

ಸ್ಟಾಕ್‌ಹೋಮ್, ಭಾನುವಾರ

ತೀರ್ಥರೂಪ ಅಪ್ಪನಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅವ್ವ, ಅಜ್ಜಿ, ಸಣ್ಣಕ್ಕ, ಗಂಗಾವತಿ ಕಾಕಾ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸಿ.

ಫೋನ್ ಇರುವಾಗ ಪತ್ರ ಯಾಕೆ ಅಂತ ಕೇಳಬೇಡಿ. ಕಾಲಿನ ಮಾತು ತೆಗೆದ ಕೂಡಲೇ ‘ತಗೋ, ಅವ್ವನ ಜೊತೆ ಮಾತಾಡು’ ಅಂತ ಫೋನ್ ದಾಟಿಸಿಬಿಡುತ್ತೀರಿ. ಮೊನ್ನೆ ಬಂದ ಅಕ್ಕನ ಪತ್ರದ ಕೊನೆಗೆ ನೀವೂ ನಾಲ್ಕು ಸಾಲು ಬರೆದಿದ್ದೀರಿ. ನಾನು ಮಾಡುತ್ತಿರುವ ಮರದ ಆಟಿಗೆ ಹಡಗು ಎಲ್ಲಿಗೆ ಬಂತು, ಸಣ್ಣ ಕೆಲಸಕ್ಕೆ ಯಾವ ಹತ್ಯಾರ ಕೊಂಡೆ, ಕರೆಂಟಿನ ಸಣ್ಣ ಮಷಿನ್ ಕೊಳ್ಳಲೇ ಅಂತ ಕೇಳಿದ್ದೀರಿ. ಕಾಲಿನ ಮೇಲೆ ಉಳಿ ಬಿದ್ದ ಸುದ್ದಿ ಮಾತ್ರ ಆ ನಾಲ್ಕು ಸಾಲಿನಲ್ಲಿ ಇಲ್ಲ. ಅದು ಅಕ್ಕ ಬರೆದದ್ದು.

ಆಯ್ತು, ಹತ್ಯಾರದ ಮಾತೇ ಮೊದಲು ಆಗಲಿ. ಕಾಲನ್ನು ಮಾತ್ರ ಬಿಡುವುದಿಲ್ಲ.

‘ಇಷ್ಟು ದೂರ ಹೋಗಿ ಆಟಿಗೆ ಮಾಡ್ತಾ ಕೂತಿದ್ದಾನೆ’ ಅಂತ ಕಾಕಾ ನಕ್ಕರಂತೆ. ನಗಲಿ. ಇಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು. ಆಫೀಸು ಬಿಟ್ಟು ಬಂದರೆ ಮಾಡಲು ಬೇರೆ ಏನೂ ಇರುವುದಿಲ್ಲ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಒಂದು ಬಡಿಗತನದ ಕೋಣೆ ಇದೆ. ಬೆಂಚು, ಮರ ಬಿಗಿದು ಹಿಡಿಯುವ ವೈಸ್, ದೀಪ ಎಲ್ಲ ಇದೆ. ಇಲ್ಲಿಯ ಶಾಲೆಗಳಲ್ಲಿ ಮರಗೆಲಸ, ಹೊಲಿಗೆ ಎರಡೂ ಕಡ್ಡಾಯ ಅಪ್ಪಾ. ಹುಡುಗಿಯರು ಗರಗಸ ಹಿಡಿಯುತ್ತಾರೆ, ಹುಡುಗರು ಗುಂಡಿ ಹಚ್ಚುತ್ತಾರೆ. ನಮ್ಮಲ್ಲಿ ಬಡಿಗನ ಮಗ ಅಂದರೆ ಮಾಸ್ತರು ಹಿಂದಿನ ಬೆಂಚು ತೋರಿಸುತ್ತಿದ್ದರು. ಇಲ್ಲಿ ಅದೇ ಮಾತು ಕೇಳಿ ಪಕ್ಕದ ಮನೆಯವರು ಕಾಫಿಗೆ ಕರೆದರು.

ನಾನು ಮಾಡುತ್ತಿರುವುದು ವಾಸಾ ಅನ್ನುವ ಹಳೆಯ ಹಡಗಿನ ಮಾದರಿ. ಡೆನ್ಮಾರ್ಕಿನ ಬಿಲ್ಲಿಂಗ್ ಬೋಟ್ಸ್ ಕಂಪನಿಯ ಕಿಟ್, ಅಸಲಿನ 75ನೇ ಒಂದು ಪಾಲು. ಮುಂದೆ ಚಾಚಿದ ಕಂಬ ಸೇರಿ ನಿಜವಾದ ಹಡಗು 69 ಮೀಟರ್ ಉದ್ದ. ನನ್ನ ಬೆಂಚಿನ ಮೇಲೆ ಅದು ಸುಮಾರು ಒಂದು ಗಜ. ಮೊದಲು ಬೆನ್ನೆಲುಬಿಗೆ ಅಡ್ಡಹಲಗೆ ಕೂರಿಸಬೇಕು. ಅವುಗಳ ಅಂಚನ್ನು ಹಡಗಿನ ಬಾಗಿಗೆ ತಕ್ಕಂತೆ ಓರೆಯಾಗಿ ಕೀಸಬೇಕು. ಆಮೇಲೆ ತೆಳು ಪಟ್ಟಿಗಳನ್ನು ಒಂದೊಂದಾಗಿ ಹೊದಿಸುವುದು. ಎಡಕ್ಕೆ ಒಂದು, ಬಲಕ್ಕೆ ಒಂದು. ಒಂದೇ ಬದಿ ಮುಗಿಸಿದರೆ ಬೆನ್ನೆಲುಬೇ ತಿರುಚಿಕೊಳ್ಳುತ್ತದೆ. ಪಟ್ಟಿಯನ್ನು ತುದಿಗೆ ಹೋದಂತೆ ಸಣ್ಣ ಮಾಡಬೇಕು, ಯಾಕಂದರೆ ಮೂತಿಯ ಹತ್ತಿರ ಹಡಗಿನ ಸುತ್ತಳತೆ ಕಡಿಮೆ. ನಿಮಗೆ ಇದನ್ನು ಹೇಳಬೇಕಾಗಿಯೇ ಇಲ್ಲ.

ಪಟ್ಟಿ ಬಗ್ಗಿಸುವುದಕ್ಕೆ ಏನು ಕೊಂಡೆ ಗೊತ್ತಾ? ಹೆಣ್ಣುಮಕ್ಕಳು ಕೂದಲು ನೆಟ್ಟಗೆ ಮಾಡಿಕೊಳ್ಳುವ ಇಸ್ತ್ರಿ! ನೀರಲ್ಲಿ ನೆನೆಸಿದ ಪಟ್ಟಿಯನ್ನು ಅದರಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿದರೆ ಹೇಳಿದಂತೆ ಕೇಳುತ್ತದೆ. ಅಂಗಡಿಯ ಹುಡುಗಿ ನನ್ನ ಬೋಳು ತಲೆ ನೋಡಿ ಏನೂ ಕೇಳಲಿಲ್ಲ, ಪಾಪ.

ಕರೆಂಟಿನ ಸಣ್ಣ ಮಷಿನ್ ಕೊಳ್ಳಲೇ ಅಂತ ನೀವು ಕೇಳಿದ್ದೀರಲ್ಲ, ನನ್ನ ಮಾತು ಕೇಳಿದರೆ ಈಗ ಬೇಡ. ಡ್ರೆಮೆಲ್ ಕಂಪನಿಯದರಂಥ ಮಷಿನ್‌ಗಳು ನಿಮಿಷಕ್ಕೆ 35,000 ಸುತ್ತಿನವರೆಗೂ ತಿರುಗುತ್ತವೆ. ಅಷ್ಟು ವೇಗಕ್ಕೆ ಮೆತ್ತನೆ ಮರ ಸುಟ್ಟು ಕಪ್ಪಾಗುತ್ತದೆ. ಅರ್ಧ ಮಿಲಿಮೀಟರಿನ ಬಿಟ್ಟು ಹಾಕಿ ಕೈ ಸ್ವಲ್ಪ ಅಲುಗಿದರೂ ಟಕ್ ಅಂತ ಮುರಿಯುತ್ತದೆ. ಸಣ್ಣ ತೂತಿಗೆ ಬೆರಳಲ್ಲಿ ತಿರುಗಿಸುವ ಕೈ ಬೈರಿಗೆಯೇ ಸರಿ. ಅದು, ಸಣ್ಣ ಅರಗಳ ಒಂದು ಸೆಟ್ಟು, ತೆಳು ಹಲ್ಲಿನ ಗರಗಸ, ಬಟ್ಟೆ ಕ್ಲಿಪ್ಪು, ನಮ್ಮ ಫೆವಿಕಾಲ್‌ನಂಥ ಬಿಳಿ ಅಂಟು. ಇಷ್ಟಿದ್ದರೆ ಹಡಗು ಎದ್ದು ನಿಲ್ಲುತ್ತದೆ. ಇಲ್ಲಿಯವರು ಬ್ಲೇಡು ಮೊಂಡಾದರೆ ಬಿಸಾಡಿ ಹೊಸದು ಹಾಕುತ್ತಾರೆ. ನನಗೆ ಕೈ ಬರಲಿಲ್ಲ. ಮೋರಾ ಅನ್ನುವ ಊರಿನ ಕೆತ್ತನೆ ಚಾಕು ಕೊಂಡೆ. ನಡುವೆ ಗಟ್ಟಿ ಉಕ್ಕು, ಎರಡೂ ಬದಿಗೆ ಮೆತ್ತನೆ ಉಕ್ಕು. ಸಾಣೆಕಲ್ಲಿನ ಮೇಲೆ ಬೇಗ ಹದಕ್ಕೆ ಬರುತ್ತದೆ. ಎರಡು ಹೊತ್ತಿನ ಹೋಟೆಲ್ ಊಟದ ದುಡ್ಡು, ಅಷ್ಟೇ. ಅವ್ವನಿಗೆ ಹೇಳಿ, ದುಡ್ಡು ಹಾಳು ಮಾಡುತ್ತಿಲ್ಲ.

ಆದರೆ ಎಲ್ಲರೂ ಕೈಗೆತ್ತಿಕೊಂಡು ನೋಡುವುದು ನೀವು ಲಾರಿ ಪಟ್ಟಾದ ಉಕ್ಕಿನಲ್ಲಿ ಬಡಿಸಿಕೊಟ್ಟ ಆ ಕಿರುಬೆರಳಿನಗಲದ ಉಳಿಯನ್ನು. ಎಲ್ಲಿ ಸಿಗುತ್ತದೆ ಅಂತ ಒಬ್ಬರು ಕೇಳಿದರು. ಕೊಪ್ಪಳದ ಕಿನ್ನಾಳ ರಸ್ತೆಯಲ್ಲಿ ನಮ್ಮ ಅಪ್ಪನ ಅಂಗಡಿಯಲ್ಲಿ ಮಾತ್ರ ಅಂದೆ.

ಆ ಅಂಗಡಿಯಲ್ಲಿ ಬರಿಗಾಲಲ್ಲಿ ನಿಲ್ಲುವುದನ್ನು ಯಾವಾಗ ಬಿಡುತ್ತೀರಿ ಅಪ್ಪಾ? ಉಳಿ ಬಿದ್ದದ್ದೇ ಗೊತ್ತಾಗಲಿಲ್ಲವಂತೆ. ಹೊಟ್ಟಿನ ಮೇಲೆ ರಕ್ತ ನೋಡಿದ ಮೇಲೆ ಅವ್ವ ಕೂಗಿದಳಂತೆ. ಈಗ ಅರಿಶಿನ ಹಚ್ಚಿಕೊಂಡು ‘ನೋವೇ ಇಲ್ಲ, ಏನಾಗ್ತದೆ’ ಅನ್ನುತ್ತಿದ್ದೀರಂತೆ. ನೋವಿಲ್ಲ ಅನ್ನುವುದೇ ನನಗೆ ಭಯ. ನಮ್ಮ ಮಹಡಿಯಲ್ಲಿ ಒಬ್ಬ ನರ್ಸಮ್ಮ ಇದ್ದಾರೆ, ಅವರನ್ನು ಕೇಳಿದೆ. ನಿಮ್ಮದರಂತೆ ಶುಗರ್ ಹಳೆಯದಾದರೆ ಕಾಲಿನ ನರ ಮಂಕಾಗಬಹುದು, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ರಕ್ತದ ಓಡಾಟವೂ ಕಡಿಮೆ, ಹಾಗಾಗಿ ಗಾಯ ಬೇಗ ಮಾಯುವುದಿಲ್ಲ, ಒಳಗೊಳಗೇ ಕೀವಾಗುತ್ತದೆ. ತಡ ಮಾಡಿದರೆ ಬೆರಳು ತೆಗೆಯುವವರೆಗೂ ಹೋಗಬಹುದು. ಡಾಕ್ಟರು ಮಾಡುವ ಪರೀಕ್ಷೆ ಬಹಳ ಸುಲಭ. ನೈಲಾನ್ ಎಳೆಯ ತುದಿಯನ್ನು ಅಂಗಾಲಿಗೆ ಅಲ್ಲಲ್ಲಿ ಒತ್ತಿ ಗೊತ್ತಾಗುತ್ತಾ ಅಂತ ಕೇಳುತ್ತಾರೆ. ಸೂಜಿ ಇಲ್ಲ, ಏನೂ ಇಲ್ಲ. ಸುಮ್ನೆ ಹೆದರಬೇಡಿ. ಬಿಸಿನೀರಲ್ಲಿ ಕಾಲು ಇಡುವುದು ಮಾತ್ರ ಬೇಡವೇ ಬೇಡ. ಸುಟ್ಟರೂ ನಿಮಗೆ ತಿಳಿಯುವುದಿಲ್ಲ.

ಈ ವಾಸಾದ ಕಥೆ ನಿಮಗೆ ಹೇಳಲೇಬೇಕು. 1628ರ ಆಗಸ್ಟ್ 10ಕ್ಕೆ ಮೊದಲ ಸಲ ನೀರಿಗೆ ಹೊರಟಿತು. 64 ಫಿರಂಗಿ ಹೊತ್ತಿತ್ತು. ಒಂದೂವರೆ ಕಿಲೋಮೀಟರ್ ಕೂಡ ಹೋಗಲಿಲ್ಲ, ಗಾಳಿಗೆ ವಾಲಿ ಬಂದರಿನಲ್ಲೇ ಮುಳುಗಿತು. (ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದದ್ದೂ ಆಗಸ್ಟ್ 10ರ ರಾತ್ರಿಯೇ, 2024ರಲ್ಲಿ. ಅಜ್ಜಿಗೆ ಹೇಳಬೇಡಿ, ಆ ದಿನ ಯಾರನ್ನೂ ಹೊರಗೆ ಬಿಡುವುದಿಲ್ಲ.) 1961ರಲ್ಲಿ ಅದನ್ನು ಮೇಲೆತ್ತಿದರು. ಇಲ್ಲಿಯ ಸಮುದ್ರದಲ್ಲಿ ಉಪ್ಪು ಕಡಿಮೆ, ಮರ ಕೊರೆಯುವ ಹುಳು ಬದುಕುವುದಿಲ್ಲ. ಹಾಗಾಗಿ 333 ವರ್ಷ ನೀರಲ್ಲಿದ್ದರೂ ಓಕ್ ಮರ ಉಳಿದಿದೆ. ಒಳಗೆ ಬಡಿಗರ ಅಳತೆಪಟ್ಟಿಗಳು ಸಿಕ್ಕವು. ಎರಡು ಸ್ವೀಡನ್ನಿನ ಅಡಿ, 12 ಇಂಚಿನದು. ಎರಡು ಆಮ್‌ಸ್ಟರ್‌ಡ್ಯಾಮ್ ಅಡಿ, 11 ಇಂಚಿನದು. ಒಂದೇ ಹಡಗಿಗೆ! ನೀವಾಗಿದ್ದರೆ ಪಟ್ಟಿ ಕಸಿದು ಮನೆಗೆ ಕಳಿಸುತ್ತಿದ್ದಿರಿ.

ಆದರೆ ನಾನು ಹೇಳಹೊರಟದ್ದು ಬೇರೆ. ಹೊರಡುವ ಮೊದಲು 30 ಜನರನ್ನು ಡೆಕ್ಕಿನ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿ ನೋಡಿದ್ದರು. ಮೂರೇ ಓಟಕ್ಕೆ ಹಡಗು ಎಷ್ಟು ಹೊಯ್ದಾಡಿತು ಅಂದರೆ ಅಡ್ಮಿರಲ್ ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟ. ದೊರೆ ದೂರದ ಯುದ್ಧದಲ್ಲಿದ್ದ, ಬೇಗ ಕಳಿಸಿ ಅಂತ ಅವಸರ ಮಾಡುತ್ತಿದ್ದ. ಅವನಿಗೆ ಯಾರೂ ಹೇಳಲಿಲ್ಲ. ನಿಮಗೂ ಗಂಗಾವತಿಯ ಬಾಗಿಲಿನ ಆರ್ಡರ್ ಅವಸರ, ನಾನು ದೂರ. ಅರ್ಥ ಆಯ್ತಲ್ಲ?

ಬಾಗಿಲು ಒಂದು ವಾರ ತಡವಾದರೆ ಯಾರ ಮನೆಯೂ ಬೀಳುವುದಿಲ್ಲ. ಕಾಕಾ ಹೋಗಿ ಹೇಳಲಿ. ‘ಗವಿಮಠದ ಜಾತ್ರೆ ಮುಗೀಲಿ, ನೋಡೋಣ’ ಅನ್ನುವ ಮಾತು ಬೇಡ. ದುಡ್ಡು ಅಕ್ಕನ ಖಾತೆಗೆ ಹಾಕಿದ್ದೇನೆ. ಸೋಮವಾರ ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಗೆ ಹೋಗಿ, ಅಕ್ಕ ಜೊತೆಗೆ ಬರುತ್ತಾಳೆ.

ನನ್ನ ಚಿಂತೆ ಮಾಡಬೇಡಿ. ಎರಡು ಸ್ವೆಟರ್ ಹಾಕುತ್ತೇನೆ. ಜೋಳದ ಹಿಟ್ಟು ಸಿಗುತ್ತದೆ, ರೊಟ್ಟಿ ನಾನೇ ಬಡಿಯುತ್ತೇನೆ, ಗುಂಡಗೂ ಬರುತ್ತವೆ. ಚಾಕು ಹಿಡಿದರೂ ಬೆರಳು ಹತ್ತೂ ಇವೆ. ಕೆಮ್ಮು ಇಲ್ಲ, ಜ್ವರ ಇಲ್ಲ, ಕೆಟ್ಟ ಸಹವಾಸ ಇಲ್ಲ. ಮದುವೆ ಮಾತು ಅವ್ವ ಈ ಸಲ ಬರೆದಿಲ್ಲ, ನಾನೂ ತೆಗೆಯುವುದಿಲ್ಲ.

ಬಟ್ಟೆ ಒಗೆಯುವ ಕೋಣೆಯ ನನ್ನ ಪಾಳಿ ಬಂತು. ಇಲ್ಲಿ ತಡ ಮಾಡಿದರೆ ಯಾರೂ ಜಗಳ ಆಡುವುದಿಲ್ಲ, ಬಾಗಿಲಿಗೆ ಚೀಟಿ ಅಂಟಿಸಿ ಮಾನ ತೆಗೆಯುತ್ತಾರೆ. ಹೊರಟೆ.

ಇಂತಿ ನಿಮ್ಮ ಮಗ

ತಾ.ಕ.: ಆಸ್ಪತ್ರೆಗೆ ಚಪ್ಪಲಿ ಹಾಕಿಕೊಂಡು ಹೋಗಿ. ಡಾಕ್ಟರು ಬರೆದುಕೊಟ್ಟ ಚೀಟಿಯ ಫೋಟೋ ಅಕ್ಕ ಸೋಮವಾರವೇ ಕಳಿಸಲಿ.