ಕಾರ್ಯಕ್ರಮ ಮುಗಿದ ಮೇಲೆ ಫೋಟೊ ಹಾಕಿ ಏನ್ ಪ್ರಯೋಜನ, ಸಂಪಾದಕರೇ?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಲಿ ವಾರಕ್ಕೊಂದ್ ಸಲ ಅಪಾರ್ಟ್‌ಮೆಂಟ್‌ಗಳ, ಹೌಸಿಂಗ್ ಕಾಲೊನಿಗಳ ಸುದ್ದಿ ಅಂತ ಅರ್ಧ ಪುಟ ಬರತ್ತಲ್ಲ, ಅದನ್ನ ತಪ್ಪದೇ ನೋಡ್ತೀನಿ. ನೋಡ್ತೀನಿ ಅಂತಾನೇ ಹೇಳ್ಬೇಕು, ಯಾಕಂದ್ರೆ ಓದೋಕೆ ಅಲ್ಲಿ ಜಾಸ್ತಿ ಏನೂ ಇರಲ್ಲ. ವೇದಿಕೆ ಮೇಲೆ ಸಾಲಾಗಿ ನಿಂತ ಹತ್ತು ಹನ್ನೆರಡು ಜನ, ಫೋಟೊ ಕೆಳಗೆ ಅಷ್ಟೂ ಜನರ ಹೆಸರು ಮತ್ತೆ ಹುದ್ದೆ, ಕೊನೇಲಿ "ಮತ್ತಿತರರು ಉಪಸ್ಥಿತರಿದ್ದರು". ನಾನು ಆ ಮತ್ತಿತರರ ಪೈಕಿ. ಎಷ್ಟೋ ಸಲ ಅವರಲ್ಲೂ ಇರಲ್ಲ, ನಮ್ಮದೇ ಕಾಂಪೌಂಡಿನೊಳಗೆ ಮಕ್ಕಳ ಸ್ಪರ್ಧೆ ನಡೆದಿತ್ತು, ಆರೋಗ್ಯ ತಪಾಸಣೆ ಕ್ಯಾಂಪ್ ಇತ್ತು ಅನ್ನೋದು ನಿಮ್ಮ ಪತ್ರಿಕೆ ಬಾಗಿಲಿಗೆ ಬಂದು ಬಿದ್ದ ಮೇಲೆ ಗೊತ್ತಾಗೋದು.

ಇದು ನಿಮ್ಮ ಮೇಲಿನ ದೂರು ಅಂತ ತಿಳ್ಕೊಬೇಡಿ, ಅರ್ಧ ದೂರು ನಮ್ಮ ಮೇಲೇನೇ. ಆದ್ರೆ ಕಾಲೊನಿ ಸುದ್ದಿ ಅಂದ್ರೆ ಆಗೋಗಿರೋದರ ಆಲ್ಬಮ್ ಅನ್ನೋ ಅಭ್ಯಾಸ ಪತ್ರಿಕೆಗೂ ಆಗಿದೆ, ಅಸೋಸಿಯೇಷನ್‌ಗಳಿಗೂ ಆಗಿದೆ. ಅಲ್ಲಿ ವಾಸ ಮಾಡೋ ಮನುಷ್ಯನಿಗೆ ಬೇಕಾಗಿರೋದು ಬೇರೆ. ಶನಿವಾರ ಲಿಫ್ಟ್ ರಿಪೇರಿಗೆ ಎಷ್ಟೊತ್ತು ನಿಲ್ಲಿಸ್ತಾರೆ, ಸಂಪು ಕ್ಲೀನ್ ಮಾಡೋ ದಿನ ಯಾವ ಬ್ಲಾಕಿಗೆ ನೀರಿಲ್ಲ, ಜನರಲ್ ಬಾಡಿ ಮೀಟಿಂಗಲ್ಲಿ ಮೇಂಟೆನೆನ್ಸ್ ಏರಿಸ್ತಾರಾ ಇಲ್ವಾ, ಬಾಡಿಗೆಯವರು ಆ ಮೀಟಿಂಗಿಗೆ ಬರ್ಬೋದಾ, ಸಂಜೆ ಆಟದ ಕಾರ್ಯಕ್ರಮಕ್ಕೆ ಹೆಸರು ಕೊಡೋದು ಯಾರ ಹತ್ರ. ಇವೆಲ್ಲ ಸಣ್ಣ ಸುದ್ದಿಗಳೇ, ಒಪ್ತೀನಿ, ಆದ್ರೆ ಆರನೇ ಮಹಡಿಲಿರೋ ಮೊಣಕಾಲು ನೋವಿನ ಅಜ್ಜಿಗೆ ಲಿಫ್ಟ್ ಸುದ್ದಿಗಿಂತ ದೊಡ್ಡ ಹೆಡ್‌ಲೈನ್ ಆ ದಿನದ ಮಟ್ಟಿಗೆ ಇನ್ನೊಂದಿಲ್ಲ.

ಇದಕ್ಕೆಲ್ಲ ವಾಟ್ಸಾಪ್ ಗ್ರೂಪ್ ಇದೆಯಲ್ಲ ಅಂತೀರಿ. ಇದೆ, ಒಂದಲ್ಲ, ಓನರ್‌ಗಳದ್ದು ಒಂದು, ಬ್ಲಾಕಿಂದು ಒಂದು, ಹೆಂಗಸರದ್ದು ಒಂದು, ಪಾರ್ಕಿಂಗ್ ಜಗಳ ಅಂತ ಶುರುವಾಗಿ ಈಗ ಬರೀ ಜೋಕು ಬರೋದು ಇನ್ನೊಂದು. ಅಲ್ಲಿ ಏನಾಗತ್ತೆ ಅಂದ್ರೆ, ಆಫೀಸಿನ ಗೋಡೆಗೆ ಅಂಟಿಸಿದ ನೋಟಿಸನ್ನ ಯಾರೋ ಓಡೋಡ್ತಾ ಫೋಟೊ ತೆಗೆದು ಹಾಕ್ತಾರೆ, ಓರೆಯಾಗಿರತ್ತೆ, ಟ್ಯೂಬ್‌ಲೈಟ್ ಬೆಳಕು ಮಧ್ಯದ ಎರಡು ಸಾಲನ್ನ ನುಂಗಿರತ್ತೆ, ಮೇಲ್ಗಡೆ ದಿನಾಂಕ ಇದ್ದ ಮೂಲೆ ಫ್ರೇಮಿಗೇ ಬಂದಿರಲ್ಲ. "ನಾಳೆ ಬೆಳಿಗ್ಗೆ 10ರಿಂದ ನೀರು ಸರಬರಾಜು ಇರುವುದಿಲ್ಲ" ಅಂತ ಅಷ್ಟು ಮಾತ್ರ ಕಾಣ್ಸತ್ತೆ. ಅದರ ಕೆಳಗೆ ಹದಿನೈದು ಜನ ಹೆಬ್ಬೆರಳು ಎತ್ತಿರೋ ಗುರುತು ಹಾಕ್ತಾರೆ, ಒಬ್ಬರು ಯಾವ ಬ್ಲಾಕು ಅಂತ ಕೇಳ್ತಾರೆ, ಆ ಪ್ರಶ್ನೆಗೆ ಉತ್ತರ ಬರೋ ಮುಂಚೆ ಯಾರದ್ದೋ ಹುಟ್ಟುಹಬ್ಬ ಬಂದು ಐವತ್ತು ಕೇಕ್ ಬೀಳತ್ತೆ, ಎರಡು ದಿನ ಬಿಟ್ಟು ಅದೇ ಫೋಟೊ ಇನ್ನೊಂದು ಗ್ರೂಪಿಂದ ಸುತ್ತು ಹೊಡ್ಕೊಂಡು ವಾಪಸ್ ಬಂದು ಮತ್ತೆ ಎಲ್ಲರೂ ಬಕೆಟ್ ತುಂಬಿಸಿಡ್ತಾರೆ.

ವಾಟ್ಸಾಪ್ ಬೇಡ ಅಂತ ನಾನು ಹೇಳಲ್ಲ. ಗ್ಯಾಸ್ ವಾಸನೆ ಬಂತು, ಮಗು ಕಾಣ್ತಿಲ್ಲ, ಬೇಸ್‌ಮೆಂಟಿಗೆ ಮಳೆನೀರು ನುಗ್ತಿದೆ, ಇಂಥದಕ್ಕೆ ಅದರಷ್ಟು ಬೇಗ ಇನ್ಯಾವುದೂ ತಲುಪಲ್ಲ. ಆದ್ರೆ ಅದು ಕೂಗು ಹಾಕೋ ಜಾಗ, ದಾಖಲೆ ಇಡೋ ಜಾಗ ಅಲ್ಲ. ಮತ್ತೆ ಆ ಗ್ರೂಪಲ್ಲಿ ಯಾರಿಲ್ಲ ಅನ್ನೋದನ್ನ ಒಂದ್ಸಲ ಎಣಿಸಿ ನೋಡ್ಬೇಕು, ಬಾಡಿಗೆಗೆ ಬಂದವರನ್ನ ಸೇರ್ಸಲ್ಲ, ಬೇಸಿಕ್ ಫೋನ್ ಇಟ್ಕೊಂಡಿರೋ ವಯಸ್ಸಾದವರು ಇಲ್ಲ, ಮನೆಗೆಲಸಕ್ಕೆ ಬರೋರು ಮತ್ತೆ ಸೆಕ್ಯೂರಿಟಿಯವರು ಇಲ್ವೇ ಇಲ್ಲ, ಗೇಟ್ ಟೈಮಿಂಗ್ ಬದಲಾದ್ರೆ ಮೊದಲು ಬಿಸಿ ತಟ್ಟೋದು ಅವರಿಗೇ ಆದ್ರೂನೂ.

ಸರಿಯಾದ ಸುದ್ದಿ ಬರದೇ ಇದ್ದ ಕಡೆ ಗಾಳಿಸುದ್ದಿ ಬಂದು ಕೂತ್ಕೊಳ್ಳತ್ತೆ. ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಕಾಯಿಲೆ ಅಂತ ಸುಮಾರು ಜನ ಅಂದ್ಕೊಂಡಿದಾರೆ, ಅಲ್ಲ. 1940ರ ದಶಕದಲ್ಲಿ ಅಮೆರಿಕದ ಒಂದು ಹೌಸಿಂಗ್ ಪ್ರಾಜೆಕ್ಟಲ್ಲಿ ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತೆ ಅವರ ಜೊತೆಗಾರರು ನಿವಾಸಿಗಳನ್ನ ಸೇರಿಸಿ ಒಂದಿಷ್ಟು ಸಮುದಾಯ ಚಟುವಟಿಕೆ ಶುರು ಮಾಡೋಕೆ ಹೊರಟಿದ್ರು. ಅಷ್ಟರಲ್ಲಿ ಇದರ ಹಿಂದೆ ಇರೋರು ಕಮ್ಯುನಿಸ್ಟರು ಅಂತ ಒಂದು ಮಾತು ಮನೆಯಿಂದ ಮನೆಗೆ ಹಬ್ಬಿ ಕೆಲಸಾನೇ ಕೆಟ್ಟೋಯ್ತು. ಆಗ ಅವರು ಮಾಡಿದ್ದೇನಪ್ಪಾ ಅಂದ್ರೆ, ಆ ಗಾಳಿಸುದ್ದಿ ಎಲ್ಲಿ ಹುಟ್ಟಿತು, ಯಾರಿಂದ ಯಾರಿಗೆ ಹೋಯ್ತು ಅನ್ನೋದನ್ನೇ ಅಧ್ಯಯನ ಮಾಡಿ 1948ರಲ್ಲಿ ಪ್ರಕಟ ಮಾಡಿದ್ರು. ನಮ್ಮಲ್ಲಿ ಕಮ್ಯುನಿಸ್ಟರ ಬದಲು ಕಮಿಷನ್ ಬರತ್ತೆ ಅಷ್ಟೇ ವ್ಯತ್ಯಾಸ. ಕಮಿಟಿಯವರು ಹೊಸ ಪಂಪ್ ತಂದ್ರೆ ಎಷ್ಟು ಹೊಡೆದ್ರು ಅನ್ನೋ ಮಾತು ಪಂಪಿಗಿಂತ ಮುಂಚೆ ಬಂದಿರತ್ತೆ, ಯಾಕಂದ್ರೆ ಎಷ್ಟು ಕೊಟೇಶನ್ ತರಿಸಿದ್ರು, ಯಾವುದನ್ನ ಯಾಕೆ ಒಪ್ಪಿದ್ರು ಅಂತ ಮೂರು ಸಾಲು ಬರೆದು ಅಂಟಿಸಿದ್ರೆ ಮುಗಿದೋಗೋ ಕೆಲಸವನ್ನ ಯಾರೂ ಮಾಡಿರಲ್ಲ.

ಅಂಟಿಸೋದು ಎಲ್ಲಿ ಅನ್ನೋದೂ ಮುಖ್ಯ ಕಣ್ರೀ. ನಮ್ಮ ನೋಟಿಸ್ ಬೋರ್ಡ್ ಇರೋದು ಆಫೀಸ್ ರೂಮಿನ ಒಳಗೋಡೆ ಮೇಲೆ, ಗಾಜಿನ ಬಾಗಿಲು, ಅದಕ್ಕೊಂದು ಬೀಗ, ಬೀಗದ ಕೈ ಸೆಕ್ರೆಟರಿ ಹತ್ರ. ಒಳಗೆ ಹೋದ ವರ್ಷದ ಜನರಲ್ ಬಾಡಿ ಮೀಟಿಂಗಿನ ಅಜೆಂಡಾ ಹಳದಿ ತಿರುಗಿದೆ, ಪಿನ್ನುಗಳ ತುಕ್ಕು ಕಾಗದಕ್ಕೆ ಇಳಿದು ನಾಲ್ಕು ಮೂಲೇಲೂ ಕಂದು ಚುಕ್ಕೆ ಬಿದ್ದಿದೆ, ಅದರ ಮೇಲೇ ಅರ್ಧ ಮುಚ್ಚಿಕೊಂಡು ಪೆಸ್ಟ್ ಕಂಟ್ರೋಲ್‌ನವರ ಒಂದು ಪಾಂಪ್ಲೆಟ್. ಹೊಸ ನೋಟಿಸ್ ಬಂದ್ರೆ ಬೀಗ ತೆಗೆಯೋರಿಲ್ದೆ ಗಾಜಿನ ಹೊರಗಡೆ ಟೇಪಲ್ಲಿ ಅಂಟಿಸ್ತಾರೆ, ಫ್ಯಾನ್ ಗಾಳಿಗೆ ಅದು ಸಂಜೆಯೊಳಗೆ ಕೆಳಗೆ.

ಇದೇ ಫೆಸ್ಟಿಂಗರ್ ಅವರು ಇನ್ನಿಬ್ಬರ ಜೊತೆ ಸೇರಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವೆಸ್ಟ್‌ಗೇಟ್ ಅನ್ನೋ ವಸತಿಯಲ್ಲಿ, ಮದುವೆಯಾದ ವಿದ್ಯಾರ್ಥಿಗಳ ಕುಟುಂಬಗಳು ಇದ್ದ ಕಡೆ, ಯಾರಿಗೆ ಯಾರು ಸ್ನೇಹಿತರಾಗ್ತಾರೆ ಅಂತ ಲೆಕ್ಕ ಹಾಕಿದ್ರು, 1950ರಲ್ಲಿ ಅದು ಪ್ರಕಟ ಆಯ್ತು. ಪಕ್ಕದ ಮನೆಯವರನ್ನ ಆಪ್ತರು ಅಂದವರು ಶೇಕಡ 41, ಅದೇ ಮಹಡಿಯ ಈ ತುದಿಯವರು ಆ ತುದಿಯವರನ್ನ ಹಾಗೆ ಅಂದಿದ್ದು ಬರೀ ಶೇಕಡ 10. ಇನ್ನೂ ಮಜಾ ಅಂದ್ರೆ ಮೆಟ್ಟಿಲಿನ ಬುಡದಲ್ಲಿದ್ದ ಮನೆಯವರಿಗೆ ಮೇಲಿನ ಮಹಡಿಯವರ ಸ್ನೇಹ ಬೇರೆಯವರಿಗಿಂತ ಜಾಸ್ತಿ ಇತ್ತು, ಅವರೇನು ವಿಶೇಷವಾಗಿ ಮಾತುಗಾರರು ಅಂತಲ್ಲ, ಜನ ಓಡಾಡೋ ದಾರೀಲಿ ಅವರ ಬಾಗಿಲಿತ್ತು ಅಷ್ಟೆ. ಹಾಗಿದ್ ಮೇಲೆ ಬೋರ್ಡನ್ನ ವರ್ಷಕ್ಕೆರಡು ಸಲ ಹೋಗೋ ಆಫೀಸ್ ರೂಮಲ್ಲಿ ಇಟ್ಟು ಜನ ಓದಲ್ಲ ಅಂತ ಬೈಯೋದು ಯಾವ ನ್ಯಾಯ? ಲಿಫ್ಟ್ ಪಕ್ಕ ಹಾಕಿ. ಲಿಫ್ಟ್‌ಗೆ ಕಾಯೋವಾಗ ಕಣ್ಣಿಗೆ ಬೇರೆ ಕೆಲಸ ಇರಲ್ಲ.

ಸ್ವಲ್ಪ ಗಂಭೀರವಾದ ವಿಷಯಕ್ಕೆ ಬರ್ತೀನಿ. ಲಂಡನ್ನಿನ ಗ್ರೆನ್‌ಫೆಲ್ ಟವರ್ ನಿಮಗೆಲ್ಲ ನೆನಪಿರಬಹುದು, 24 ಮಹಡಿ, 2017ರ ಜೂನ್ 14ರ ನಡುರಾತ್ರಿ ನಾಲ್ಕನೇ ಮಹಡಿಯ ಒಂದು ಅಡುಗೆಮನೆಯ ಫ್ರಿಜ್‌ನಲ್ಲಿ ಹೊತ್ತಿದ ಬೆಂಕಿ ಹೊರಗೋಡೆಗೆ ಹೊಸದಾಗಿ ಹೊದಿಸಿದ್ದ ಹಾಳೆಗಳ ಮೂಲಕ ಮೇಲಿನ ತನಕ ಏರಿ 72 ಜನ ಸತ್ತರು. ಅಲ್ಲಿನ ನಿವಾಸಿಗಳ ಒಂದು ಗುಂಪು 2016ರ ನವೆಂಬರಲ್ಲೇ, ಅಂದ್ರೆ ಏಳು ತಿಂಗಳು ಮುಂಚೆ, ಒಂದು ದೊಡ್ಡ ಅನಾಹುತ ಆದ ಮೇಲಷ್ಟೇ ನಮ್ಮ ಮಾತು ಕೇಳಿಸೋದು ಅನ್ನೋ ಅರ್ಥದಲ್ಲಿ ಬರೆದಿತ್ತು. ಆ ರಾತ್ರಿ ಜನಕ್ಕೆ ಸಿಕ್ಕ ಸೂಚನೆ ಮನೆಯೊಳಗೇ ಇರಿ ಅಂತ, ಅದನ್ನ ಬದಲಾಯಿಸೋಕೆ ತಡ ಆಯ್ತು. 2024ರ ಸೆಪ್ಟೆಂಬರಲ್ಲಿ ಬಂದ ವಿಚಾರಣೆಯ ಅಂತಿಮ ವರದಿಯಲ್ಲಿ ಈ ಸಾವುಗಳನ್ನೆಲ್ಲ ತಪ್ಪಿಸಬಹುದಿತ್ತು ಅಂತ ಹೇಳಿದಾರೆ. ನಿವಾಸಿಗಳು ಬರೆದದ್ದು ಸುದ್ದಿಯೇ ಆಗಿತ್ತು, ಯಾರೂ ಅದನ್ನ ಸುದ್ದಿ ಅಂತ ತಗೊಳ್ಳಲಿಲ್ಲ, ಗೊಣಗಾಟ ಅಂದ್ಕೊಂಡ್ರು. ನಮ್ಮ ಮೀಟಿಂಗಿನ ಮಿನಿಟ್ಸ್ ಓದಿದಾಗೆಲ್ಲ ನನಗೆ ಇದು ತಲೆಗೆ ಬರತ್ತೆ. ಫೈರ್ ಎಕ್ಸ್‌ಟಿಂಗ್ವಿಷರ್ ಡೇಟ್ ಮುಗಿದಿದೆ ಅಂತ ಒಬ್ಬರು ಎದ್ದು ಹೇಳ್ತಾರೆ, ಮಿನಿಟ್ಸಲ್ಲಿ "ಈ ಬಗ್ಗೆ ಚರ್ಚಿಸಲಾಯಿತು" ಅಂತ ಬರತ್ತೆ, ಮುಂದಿನ ಮೀಟಿಂಗಲ್ಲಿ ಮತ್ತೆ ಅವರೇ ಎದ್ದು ನಿಲ್ತಾರೆ, ಮತ್ತೆ ಚರ್ಚಿಸಲಾಗತ್ತೆ. ಯಾರು ಮಾಡ್ತಾರೆ, ಯಾವ ತಾರೀಖಿನೊಳಗೆ, ಆಯ್ತಾ ಇಲ್ವಾ, ಇದನ್ನ ಬರೆದು ಲಿಫ್ಟ್ ಪಕ್ಕ ಹಾಕಿದ್ರೆ ಕಮಿಟಿಯವರಿಗೆ ಕಷ್ಟ ಆಗತ್ತೆ, ಆಗ್ಲಿ.

ಇನ್ನು ಕಾರ್ಯಕ್ರಮಗಳ ಮಾತು. ಪ್ಯಾರಿಸ್‌ನಲ್ಲಿ 1999ರಲ್ಲಿ ಅತನಾಸ್ ಪೆರಿಫಾನ್ ಅನ್ನೋರು ನೆರೆಹೊರೆಯವರ ದಿನ ಅಂತ ಒಂದನ್ನ ಶುರು ಮಾಡಿದ್ರು, ಅಕ್ಕಪಕ್ಕದವರೆಲ್ಲ ಅಂಗಳಕ್ಕೆ ಕುರ್ಚಿ ಮೇಜು ತಂದು ಹಾಕ್ಕೊಂಡು ಜೊತೇಲಿ ಕೂತು ತಿನ್ನೋದು, ಅಷ್ಟೇ ಕಾರ್ಯಕ್ರಮ. ಶುರು ಆಗೋಕೆ ಕಾರಣ ಕೇಳಿದ್ರೆ ಹೊಟ್ಟೆ ಚುರ್ ಅನ್ನತ್ತೆ, ಒಬ್ಬ ವಯಸ್ಸಾದ ಹೆಂಗಸು ತಮ್ಮ ಫ್ಲ್ಯಾಟಲ್ಲಿ ತೀರಿಕೊಂಡಿದ್ದು ಎಷ್ಟೋ ದಿನ ಯಾರಿಗೂ ಗೊತ್ತೇ ಆಗಿರಲಿಲ್ಲ. ಈಗ ಅದು ಯುರೋಪಿನ ಬೇರೆ ದೇಶಗಳಿಗೂ ಹಬ್ಬಿದೆ. ಅಲ್ಲಿ ಮುಖ್ಯ ಅತಿಥಿ ಅಂತ ಒಬ್ಬರು ಬಂದು ಒಂದು ಗಂಟೆ ಭಾಷಣ ಮಾಡಲ್ಲ ಅನ್ನೋದು ನನಗೆ ತುಂಬಾ ಇಷ್ಟವಾದ ಅಂಶ. ನಮ್ಮ ಕಾರ್ಯಕ್ರಮಗಳು ದೊಡ್ಡದಾದಷ್ಟೂ ಮೈಕ್ ದೊಡ್ಡದಾಗತ್ತೆ, ಕುರ್ಚಿ ದೂರ ದೂರ ಆಗತ್ತೆ, ಪಕ್ಕದವರ ಹೆಸರು ಕೇಳೋಕೂ ಆಗಲ್ಲ.

ಹಾಗಂತ ಎಲ್ಲಾನೂ ಸುದ್ದಿ ಮಾಡ್ಬೇಕು ಅಂತಲೂ ಅಲ್ಲ. ಮೇಂಟೆನೆನ್ಸ್ ಬಾಕಿ ಇರೋರ ಹೆಸರನ್ನ ಫ್ಲ್ಯಾಟ್ ನಂಬರ್ ಸಮೇತ ಲಿಸ್ಟ್ ಮಾಡಿ ಗೇಟಲ್ಲಿ ಅಂಟಿಸೋದು, ಸಿಸಿಟಿವಿಲಿ ಯಾವನೋ ಡೆಲಿವರಿ ಹುಡುಗ ನಿಂತಿದ್ದನ್ನ ಕಳ್ಳ ಇರಬಹುದು ಅಂತ ಎಲ್ಲಾ ಕಡೆ ಕಳಿಸೋದು, ಯಾರಿಗೋ ಕಾಯಿಲೆ ಅಂತ ಅವರ ಮನೆಯವರನ್ನ ಕೇಳದೇ ಹಾಕೋದು, ಇವೆಲ್ಲ ಸುದ್ದಿಯಲ್ಲ, ಕಾಟ. ಮಕ್ಕಳ ಫೋಟೊ ಕೂಡ ಅಪ್ಪ ಅಮ್ಮನ್ನ ಕೇಳದೇ ಪತ್ರಿಕೆಗೆ ಕಳಿಸಬಾರದು, ನೀವೂ ಹಾಗೆ ಬಂದದ್ದನ್ನ ಹಾಕಬಾರದು.

ಜಪಾನಲ್ಲಿ ಒಂದು ಹಳೇ ಪದ್ಧತಿ ಇದೆ, ಕೈರನ್‌ಬಾನ್ ಅಂತಾರೆ. ನೆರೆಹೊರೆ ಸಂಘದವರು ಒಂದು ಪ್ಯಾಡಿಗೆ ನೋಟಿಸುಗಳನ್ನ ಕ್ಲಿಪ್ ಮಾಡಿ ಒಂದು ಮನೆಗೆ ಕೊಡ್ತಾರೆ, ಆ ಮನೆಯವರು ಓದಿ, ನೋಡಿದೀವಿ ಅಂತ ಮುದ್ರೆನೋ ಸಹಿನೋ ಹಾಕಿ ಪಕ್ಕದ ಮನೆಗೆ ದಾಟಿಸ್ತಾರೆ, ಕೊನೇ ಮನೆಯಿಂದ ಅದು ವಾಪಸ್ ಬರತ್ತೆ. ನಿಧಾನ ಅನ್ನೋದು ನಿಜ, ತುರ್ತು ವಿಷಯಕ್ಕೆ ಪ್ರಯೋಜನ ಇಲ್ಲ, ಯಾರಾದ್ರೂ ಊರಿಗೆ ಹೋಗಿದ್ರೆ ಪ್ಯಾಡ್ ಅವರ ಬಾಗಿಲಲ್ಲೇ ನಿಲ್ಲತ್ತೆ. ಆದ್ರೆ ಯಾರು ಓದಿದ್ರು ಯಾರು ಓದಿಲ್ಲ ಅನ್ನೋದು ಕಾಗದದ ಮೇಲೇ ಇರತ್ತೆ, ಮತ್ತೆ ಆಗಾಗ ಪಕ್ಕದ ಮನೆ ಬೆಲ್ ಒತ್ತೋ ನೆಪ ಸಿಗತ್ತೆ. ಒಂದು ಬ್ಲಾಕಿನ ಒಂದು ಮಹಡಿಗೆ ಇಂಥ ಒಂದು ಪ್ಯಾಡ್ ಇಟ್ಟು ನೋಡಿದ್ರೆ ನಷ್ಟ ಏನಿಲ್ಲ ಅಂತ ನಮ್ಮ ಕಮಿಟಿಗೂ ಬರೆದು ಕೊಟ್ಟಿದೀನಿ, ಚರ್ಚಿಸಲಾಗುವುದು ಅಂದಿದಾರೆ.

ಈಗ ನಿಮ್ಮ ಹತ್ರ ಕೇಳ್ಕೊಳ್ಳೋದು ಇಷ್ಟು. ಆ ಅರ್ಧ ಪುಟದಲ್ಲಿ ಫೋಟೊ ಒಂದಕ್ಕೆ ಇಳಿಸಿ, ಉಳಿದ ಜಾಗಕ್ಕೆ ಮುಂದಿನ ವಾರ ಎಲ್ಲೆಲ್ಲಿ ಏನೇನಿದೆ ಅಂತ ಹಾಕಿ, ದಿನ, ಹೊತ್ತು, ಜಾಗ, ಹೊರಗಿನವರು ಬರಬಹುದಾ, ದುಡ್ಡು ಕೊಡಬೇಕಾ, ಗಾಲಿಕುರ್ಚಿ ಹೋಗತ್ತಾ, ಇಷ್ಟಿದ್ರೆ ಸಾಕು, ವರ್ಣನೆ ಬೇಡ. ಅಸೋಸಿಯೇಷನ್‌ನಿಂದ ಬಂದ ಪ್ರೆಸ್ ನೋಟನ್ನ ಹಾಗ್ಹಾಗೇ ಛಾಪಿಸೋ ಬದಲು ನಿಮ್ಮ ವರದಿಗಾರರು ಅದೇ ಕಾಲೊನಿಯ ಒಬ್ಬ ಬಾಡಿಗೆಯವರಿಗೋ ಸೆಕ್ಯೂರಿಟಿಯವರಿಗೋ ಒಂದು ಫೋನ್ ಮಾಡಿ ಕೇಳಲಿ, ಅರ್ಧ ಸುದ್ದಿ ಬದಲಾಗಿ ಬರತ್ತೆ ನೋಡ್ತಿರಿ. ಕಾರ್ಯಕ್ರಮ ಮುಂದಕ್ಕೆ ಹೋದ್ರೆ ಅದನ್ನೂ ಅದೇ ಜಾಗದಲ್ಲಿ ಹಾಕಿ, ಹೋದ ಸಲ ಹೇಳಿದ ಲಿಫ್ಟ್ ರಿಪೇರಿ ಆಯ್ತಾ ಅಂತ ಒಂದು ಸಾಲು ಸೇರಿಸಿ. ಜಾಗ ಇಲ್ಲ ಅಂತ ಮಾತ್ರ ಹೇಳಬೇಡಿ, ಕಳೆದ ವಾರದ ಆ ಪುಟದಲ್ಲಿ ಒಂದೇ ವೇದಿಕೆಯ ಫೋಟೊ ಎರಡು ಕಡೆಯಿಂದ ತೆಗೆದದ್ದು ಎರಡೂ ಇತ್ತು.

ಇತಿ,
ನಿಮ್ಮ ಓದುಗರಲ್ಲೊಬ್ಬರು, ಮತ್ತಿತರರ ಪರವಾಗಿ