ಹಾಲಿನ ಲೆಕ್ಕದ ಪುಸ್ತಕಕ್ಕೊಂದು ಥ್ಯಾಂಕ್ಸ್

ಮೊನ್ನೆ ಭಾನುವಾರ ನಮ್ಮ ಆಸ್ಟೆರಿಸ್ಕ್ (ಕಂಪ್ಯೂಟರನ್ನೇ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುವ ತಂತ್ರಾಂಶ) ಪೆಟ್ಟಿಗೆ ಒಟ್ಟಿಗೆ 600 ಕರೆ ಹೊತ್ತುಕೊಂಡು ಎರಡು ಗಂಟೆ ಓಡಿತು. ಸೆಕೆಂಡಿಗೆ ದನಿಯ 30,000 ಪ್ಯಾಕೆಟ್ (ಚೂರು) ಹೊರಗೆ, ಅಷ್ಟೇ ಒಳಗೆ. ಒಂದು ಕರೆಯೂ ಬೀಳಲಿಲ್ಲ. ಮೆಕ್ಕೆಜೋಳದ ಧಾರಣೆಯನ್ನು ಫೋನಲ್ಲಿ ಹೇಳುವ ಈ ಕೆಲಸ ಯಾಕೆ ಶುರುವಾಯಿತು, ಎಲ್ಲೆಲ್ಲಿ ಎಡವಿತು ಅಂತ ಕೇಳಿ ಕೇಳಿ ನಿಮಗೆಲ್ಲ ಸಾಕಾಗಿದೆ. ಮತ್ತೆ ಕೊರೆಯುವುದಿಲ್ಲ.

ಧಾರಣೆಯನ್ನು ನಮ್ಮೂರ ಮಾತಿನಲ್ಲೇ ಓದಿಕೊಟ್ಟ ಅತ್ತಿಗೆಗೆ, ಆ ದನಿಯನ್ನೆಲ್ಲ ಮೊದಲೇ ಎ-ಲಾಗೆ (ಫೋನ್ ಲೈನಿನಲ್ಲಿ ದನಿ ಹೋಗುವ ರೂಪಕ್ಕೆ) ಬದಲಿಸಿಡು, ಪ್ರತಿ ಕರೆಗೂ ಬದಲಿಸುತ್ತಾ ಕೂತರೆ ಸಿಪಿಯು ಸುಸ್ತಾಗುತ್ತದೆ ಅಂದ ಗೆಳತಿಗೆ, ಸಿಪ್‌ಪಿ ಅನ್ನೋ ಪರೀಕ್ಷೆಯ ತಂತ್ರಾಂಶ ಹಾಕಿ ಸುಳ್ಳು ಕರೆ ಸುರಿಯಲು ಲ್ಯಾಪ್‌ಟಾಪ್ ಬಿಟ್ಟುಕೊಟ್ಟ ವಿದ್ಯಾನಗರದ ಹುಡುಗರಿಗೆ, 1999ರಲ್ಲಿ ಆಸ್ಟೆರಿಸ್ಕ್ ಬರೆದು ಊರಿಗೆಲ್ಲ ತೆರೆದಿಟ್ಟ ಮಾರ್ಕ್ ಸ್ಪೆನ್ಸರ್‌ಗೆ, ರಾತ್ರಿ ಹತ್ತರ ಮೇಲೂ ಮಿರ್ಚಿ ಮಂಡಕ್ಕಿ ಕಟ್ಟಿಕೊಟ್ಟ ಅಂಗಡಿಯವರಿಗೆ, ಎಲ್ಲರಿಗೂ ಸೇರಿಸಿ ಒಂದು ದೊಡ್ಡ ನಮಸ್ಕಾರ.

ಇನ್ನು ದೊಡ್ಡಪ್ಪ.

ಅವರು ಟೆಲಿಫೋನ್ ಎಕ್ಸ್‌ಚೇಂಜಲ್ಲಿ ದುಡಿದು ರಿಟೈರ್ ಆದವರು. ಲಿನಕ್ಸ್ ಗೊತ್ತಿಲ್ಲ. ದಾವಣಗೆರೆಯ ಏಪ್ರಿಲ್ ಸೆಕೆ ನಿಮಗೆ ಗೊತ್ತಲ್ವಾ, ಒಂದು ರಾತ್ರಿ ನಿದ್ದೆ ಬಾರದೆ ಸುಮ್ನೆ ನನ್ನ ಕೋಣೆಗೆ ಬಂದು ಕೂತರು. 200 ಕರೆ ಹತ್ತಿರ ಬಂದ ಕೂಡಲೇ ಹೊಸ ಕರೆಗಳೆಲ್ಲ ಬೀಳುತ್ತಿದ್ದವು. ಸಿಪಿಯು ನೋಡಿದರೆ ಆರಾಮಾಗಿದೆ. ಕೇಬಲ್ ಬದಲಿಸಿದೆ, ಸ್ವಿಚ್ ಬದಲಿಸಿದೆ, ಕಂಡಕಂಡದ್ದನ್ನೆಲ್ಲ ಬೈದೆ. ಎರಡೂವರೆ ಹೊತ್ತಿಗೆ ಅಳು ಬಂತು. ಬೆಂಗಳೂರಿನ ಕೆಲಸ ಬಿಟ್ಟಿದ್ದೇ ತಪ್ಪು, ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ ಅಂತೆಲ್ಲ ಹೇಳಿಬಿಟ್ಟೆ. ದೊಡ್ಡಪ್ಪ ಸಮಾಧಾನ ಗಿಮಾಧಾನ ಏನೂ ಮಾಡಲಿಲ್ಲ. "ಇನ್ನೊಂದ್ ಸಲ ಹಾಕಲೇ, ಬರ್ಕೊಂತೀನಿ" ಅಂದರು.

ಕೈಗೆ ಸಿಕ್ಕ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದರು. 197, 198, 197, 196. ಆರನೇ ಸಲಕ್ಕೆ, "ಲೈನ್ ಕೆಟ್ಟಿದ್ರೆ ಎಲ್ಲೆಲ್ಲೋ ಬೀಳ್ತೈತಿ. ಇದು ಪ್ರತಿ ಸಲ ಅಲ್ಲೇ ನಿಲ್ತೈತಿ. ಎಲ್ಲೋ ಏನೋ ತುಂಬೈತಿ ನೋಡು" ಅಂದರು.

ತುಂಬಿತ್ತು. ಪ್ರೋಗ್ರಾಂ ಒಂದು ಸಲಕ್ಕೆ ತೆರೆದಿಟ್ಟುಕೊಳ್ಳಬಹುದಾದ ಫೈಲುಗಳ ಮಿತಿ 1024. ಕರೆಯೊಂದಕ್ಕೆ ದನಿ ಸಾಗಿಸುವ ಆರ್‌ಟಿಪಿ ಸಾಕೆಟ್, ಅದು ಹೇಗೆ ಸಾಗುತ್ತಿದೆ ಅಂತ ವರದಿ ಕೊಡುವ ಆರ್‌ಟಿಸಿಪಿ ಸಾಕೆಟ್, ದನಿಯ ಫೈಲು, ಟೈಮರ್ (ಲಿನಕ್ಸಿನ ಲೆಕ್ಕದಲ್ಲಿ ಇವೆಲ್ಲ ಫೈಲುಗಳೇ) ಅಂತ ನಾಲ್ಕೈದು ಹೋದರೆ ಇನ್ನೆಷ್ಟು ಉಳಿದೀತು? ಲಿಮಿಟ್ಸ್ ಫೈಲಲ್ಲಿ ನಾನು ಮಿತಿ ಏರಿಸಿದ್ದೆ, ಆದರೆ ಸಿಸ್ಟಮ್‌ಡಿ (ಲಿನಕ್ಸಲ್ಲಿ ಪ್ರೋಗ್ರಾಂಗಳನ್ನು ಶುರುಮಾಡುವ ವ್ಯವಸ್ಥೆ) ಎಬ್ಬಿಸುವ ಸರ್ವಿಸ್ ಅದನ್ನು ಓದುವುದೇ ಇಲ್ಲ, ಆ ಸರ್ವಿಸಿನದೇ ಯೂನಿಟ್ ಫೈಲಲ್ಲೇ ಬರೆಯಬೇಕು. ಲಾಗ್ (ನಡೆದದ್ದನ್ನೆಲ್ಲ ಪ್ರೋಗ್ರಾಂ ಬರೆದಿಡುವ ದಾಖಲೆ) ನೋಡಿದ್ದರೆ ಐದು ನಿಮಿಷದ ಕೆಲಸ. ವೇಗ ಜಾಸ್ತಿ ಬರಲಿ ಅಂತ ಲಾಗನ್ನೇ ನಿಲ್ಲಿಸಿದ್ದ ಜಾಣ ನಾನು!

ಒಂದು ಸಾಲು ಸೇರಿಸಿದೆ. ನಾಲ್ಕು ಗಂಟೆಗೆ 300 ದಾಟಿತು. ಹೇಳೋಣ ಅಂತ ತಿರುಗಿದರೆ ದೊಡ್ಡಪ್ಪ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು, ಪೆನ್ನು ಕೈಯಲ್ಲೇ ಇತ್ತು.

ಭಾನುವಾರ ಅವರೇ ಬಂದು ಕೂತು 600 ಅಂತ ಬರೆದರು. ಆ ಹಾಳೆ ಕೊಡಿ ದೊಡ್ಡಪ್ಪ, ಕಟ್ಟು ಹಾಕಿಸಿ ಗೋಡೆಗೆ ಹಾಕುತ್ತೇನೆ ಅಂದೆ. ಕೊಡಲಿಲ್ಲ. ಹಿಂದುಗಡೆ ಮಾರ್ಚ್ ತಿಂಗಳ ಹಾಲಿನ ಬಾಕಿ ಇದೆಯಂತೆ.