ಆ ಸಿನಿಮಾ ಪುಟ್ಟಿಗೆ ಈಗ ಬೇಡ

ಪ್ರೀತಿಯ ಗೆಳೆಯಾ,

ಪುಟ್ಟಿಗೆ ಒಂಬತ್ತು ತುಂಬಿತು, ರಜೆಯಲ್ಲಿ ‘ಪ್ಯಾನ್ಸ್ ಲ್ಯಾಬಿರಿಂತ್’ ತೋರಿಸಬಹುದಾ ಅಂತ ಕೇಳಿದ್ದೀಯ. ಬೇಡ ಮಾರಾಯ. ಈಗಂತೂ ಬೇಡವೇ ಬೇಡ.

ಪೋಸ್ಟರ್ ನೋಡಿದವರಿಗೆ ಮಕ್ಕಳ ಚಿತ್ರ ಅನ್ನಿಸುವುದು ಸಹಜ. ಒಬ್ಬಳು ಪುಟ್ಟ ಹುಡುಗಿ, ಕೊಂಬಿನಂತೆ ಬಾಗಿದ ಮರ. ಒಳಗೆ ಯಕ್ಷಿಣಿಯರೂ ಇದ್ದಾರೆ, ಪಾತಾಳದ ರಾಜಕುಮಾರಿಯ ಕಥೆಯೂ ಇದೆ. ಗಿಯೆರ್ಮೊ ಡೆಲ್ ಟೊರೊ 2006ರಲ್ಲಿ ತೆಗೆದ ಈ ಸ್ಪ್ಯಾನಿಷ್ ಚಿತ್ರದ ಮೇಲೆ ನನಗೆ ಎಷ್ಟು ಪ್ರೀತಿ ಅಂತ ನಿನಗೆ ಗೊತ್ತು. ಛಾಯಾಗ್ರಹಣ, ಕಲಾ ನಿರ್ದೇಶನ, ಮೇಕಪ್ ಮೂರಕ್ಕೂ ಆಸ್ಕರ್ ಬಂತು. ಆದರೆ ಅಮೆರಿಕದಲ್ಲಿ ಅದಕ್ಕೆ ಕೊಟ್ಟದ್ದು ‘ಆರ್’ ಸರ್ಟಿಫಿಕೇಟು, ಅಂದರೆ ಹದಿನೇಳು ತುಂಬದವರು ದೊಡ್ಡವರ ಜೊತೆಗೇ ನೋಡಬೇಕು. ಬ್ರಿಟನ್ನಿನಲ್ಲಿ 15, ಅಂದರೆ ಹದಿನೈದು ತುಂಬದವರಿಗೆ ಇಲ್ಲ.

ಪುಟ್ಟಿಗೆ ರಾಕ್ಷಸರೆಂದರೆ ಹೆದರಿಕೆಯಿಲ್ಲ ಅಂತ ಬರೆದಿದ್ದೀಯ. ಒಪ್ಪಿದೆ. ಯಕ್ಷಗಾನದ ಆಟದಲ್ಲಿ ಬಣ್ಣದ ವೇಷ ಅಬ್ಬರಿಸಿಕೊಂಡು ಬಂದಾಗ ಉಳಿದ ಮಕ್ಕಳು ಅಮ್ಮನ ಸೆರಗು ಹಿಡಿದರೂ ಇವಳು ಎದುರೇ ಕೂತಿದ್ದಳಲ್ಲ. ಈ ಚಿತ್ರದ ರಾಕ್ಷಸನನ್ನೂ ಅವಳು ತಡೆದುಕೊಂಡಾಳು. ಬಿಳಿಚಿಕೊಂಡು ಜೋತುಬಿದ್ದ ಚರ್ಮದವನು, ಮುಖದಲ್ಲಿ ಕಣ್ಣಿಲ್ಲ, ತಟ್ಟೆಯಲ್ಲಿಟ್ಟ ಕಣ್ಣುಗುಡ್ಡೆಗಳನ್ನು ಎತ್ತಿ ಅಂಗೈಗೆ ಸಿಕ್ಕಿಸಿಕೊಂಡು ನೋಡುತ್ತಾನೆ. ಭಯಂಕರವೇ. ಆದರೆ ಅಲ್ಲೊಂದು ನೇಮವಿದೆ. ಮೇಜಿನ ಮೇಲಿನದ್ದು ಏನನ್ನೂ ತಿನ್ನಬಾರದು. ಚಿತ್ರದ ಹುಡುಗಿ ಒಫೀಲಿಯಾ ದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುತ್ತಾಳೆ, ಅವನು ಏಳುತ್ತಾನೆ, ಅಟ್ಟಿಸಿಕೊಂಡು ಬರುತ್ತಾನೆ, ಹುಡುಗಿ ಸೀಮೆಸುಣ್ಣದಲ್ಲಿ ಬಾಗಿಲು ಬರೆದು ಪಾರಾಗುತ್ತಾಳೆ. ಅಜ್ಜಿ ಕಥೆ ಕೇಳಿ ಬೆಳೆದ ಮಗುವಿಗೆ ಇದು ಗೊತ್ತಿರುವ ದಾರಿಯೇ.

ನನ್ನ ತಕರಾರಿರುವುದು ಯೂನಿಫಾರ್ಮ್ ಹಾಕಿಕೊಂಡವನ ಬಗ್ಗೆ. ಕಥೆ ನಡೆಯುವುದು 1944ರ ಸ್ಪೇನಿನಲ್ಲಿ. ಅಂತರ್ಯುದ್ಧ ಮುಗಿದಿದೆ, ಗೆದ್ದ ಸರ್ವಾಧಿಕಾರಿ ಫ್ರಾಂಕೋನ ಆಡಳಿತ, ಸೋತವರಲ್ಲಿ ಕೆಲವರು ಇನ್ನೂ ಕಾಡಿನಲ್ಲಿದ್ದುಕೊಂಡು ಹೋರಾಡುತ್ತಿದ್ದಾರೆ. ಅವರನ್ನು ಮುಗಿಸಲು ಬಂದ ಕ್ಯಾಪ್ಟನ್ ವಿಡಾಲ್ ಈ ಹುಡುಗಿಯ ಮಲತಂದೆ. ಚಿತ್ರ ಶುರುವಾಗಿ ಸ್ವಲ್ಪ ಹೊತ್ತಿಗೇ ಅವನ ಮುಂದೆ ಒಬ್ಬ ಮುದುಕನನ್ನೂ ಅವನ ಮಗನನ್ನೂ ತಂದು ನಿಲ್ಲಿಸುತ್ತಾರೆ. ಮೊಲ ಬೇಟೆಗೆ ಬಂದಿದ್ದೆವು ಅನ್ನುತ್ತಾರೆ. ವಿಡಾಲ್ ಬಾಟಲಿಯ ತಳದಿಂದ ಮಗನ ಮುಖ ಜಜ್ಜುತ್ತಾನೆ. ಕ್ಯಾಮೆರಾ ಆಚೆ ತಿರುಗುವುದಿಲ್ಲ. ಆಮೇಲೆ ಇಬ್ಬರಿಗೂ ಗುಂಡು. ಕೊನೆಗೆ ಚೀಲ ತಡಕಿದರೆ ಅದರಲ್ಲಿ ಮೊಲ ಇದ್ದೇ ಇದೆ. ‘ಆ ಅಣ್ಣ ಏನು ತಪ್ಪು ಮಾಡಿದ್ದ ಅಪ್ಪಾ?’ ಅಂತ ಪುಟ್ಟಿ ಕೇಳಿದರೆ ಏನು ಹೇಳುತ್ತೀಯ? ಇಲ್ಲಿ ಮುರಿಯುವುದಕ್ಕೆ ಯಾವ ನೇಮವೂ ಇರಲಿಲ್ಲವಲ್ಲ.

ಮಾಯಾಲೋಕಕ್ಕೆ ಹೊನ್ನಿನ ಬೆಚ್ಚನೆ ಬಣ್ಣ, ವಿಡಾಲನ ಲೋಕಕ್ಕೆ ತಣ್ಣನೆಯ ನೀಲಿ. ದೊಡ್ಡವರಿಗೆ ಇದು ಜಾಣ್ಮೆ. ಮಗು ಮಾತ್ರ ಆ ಬೆಚ್ಚನೆಯ ಕಡೆ ಮೈಮರೆತು ಕೂತಿರುತ್ತದೆ, ಪೆಟ್ಟು ನೀಲಿ ಕಡೆಯಿಂದ ಬೀಳುತ್ತದೆ.

ಇದೆಲ್ಲ ಯಾವ ಮಗುವಿಗಾದರೂ ಹೇಳುವ ಮಾತು. ನಿನ್ನ ಮನೆಗೆ ಅಂತ ಇನ್ನೊಂದಿದೆ. ನಿನ್ನ ಹೆಂಡತಿಗೆ ಈಗ ಏಳು ತಿಂಗಳು. ಒಫೀಲಿಯಾಳ ಅಮ್ಮನೂ ತುಂಬು ಬಸುರಿ. ಅಮ್ಮನ ಹೊಟ್ಟೆಗೆ ಕಿವಿಯಿಟ್ಟು ಹುಟ್ಟದ ತಮ್ಮನಿಗೆ ಅವಳು ಕಥೆ ಹೇಳುವ ದೃಶ್ಯವೊಂದಿದೆ. ಪುಟ್ಟಿಯೂ ಹಾಗೇ ಮಾಡುತ್ತಾಳೆ ಅಂತ ನೀನೇ ಫೋನಿನಲ್ಲಿ ಹೇಳಿ ನಕ್ಕಿದ್ದೆ. ಮುಂದೆ ಅಮ್ಮನಿಗೆ ರಕ್ತಸ್ರಾವವಾಗುತ್ತದೆ. ಒಬ್ಬರನ್ನೇ ಉಳಿಸಲು ಆಗುವುದಾದರೆ ಮಗುವನ್ನು ಉಳಿಸು ಅಂತ ಗಂಡ ಡಾಕ್ಟರಿಗೆ ಹೇಳುತ್ತಾನೆ. ಹೆರಿಗೆಯಲ್ಲಿ ಅಮ್ಮ ಸಾಯುತ್ತಾಳೆ. ಇದನ್ನು ನೋಡಿದ ಮೇಲೆ ನೀವು ಆಸ್ಪತ್ರೆಗೆ ಹೊರಡುವ ದಿನ ಪುಟ್ಟಿ ಮನೆಯಲ್ಲಿ ಹೇಗೆ ಕೂತಿರಬೇಕು ಹೇಳು.

ನಮ್ಮಲ್ಲೂ ಈಗ ಯುಎ 7+, 13+, 16+ ಅಂತ ವಿಂಗಡಣೆ ಬಂದಿದೆ, ಒಳ್ಳೆಯದೇ. ಆದರೆ ಯಾರ ಮನೆಯಲ್ಲಿ ಯಾರು ಬಸುರಿ ಅಂತ ಸೆನ್ಸಾರಿನವರಿಗೆ ಹೇಗೆ ಗೊತ್ತಾಗಬೇಕು? ಅದನ್ನು ನೀನೇ ನೋಡಬೇಕು. ಇಡೀ ಸಿನಿಮಾ ಮೊದಲು ಒಬ್ಬನೇ ನೋಡು, ಟ್ರೇಲರ್ ನಂಬಬೇಡ. ಹೆಂಡತಿಯನ್ನೂ ಕೂರಿಸಿಕೊಳ್ಳಬೇಡ!

ಕೊನೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಹುಡುಗಿಗೆ ಗುಂಡು ಬೀಳುತ್ತದೆ. ಅವಳು ನಿಜವಾಗಿ ಪಾತಾಳದ ಅರಮನೆ ಸೇರಿದಳೋ, ಸಾಯುವಾಗ ಕಂಡ ಕನಸೋ ಅಂತ ನಾವು ಚಹಾ ಆರುವ ತನಕ ವಾದ ಮಾಡಬಹುದು. ಪುಟ್ಟಿಗೆ ಕಾಣುವುದು ತನ್ನಂಥವಳೇ ಒಬ್ಬಳು ಸತ್ತದ್ದು.

ಹಾಗಂತ ಭಯವೇ ಇಲ್ಲದ ಸಪ್ಪೆ ಚಿತ್ರ ಹಾಕಬೇಡ, ಅವಳಿಗೆ ಬೇಜಾರಾಗುತ್ತದೆ. ಜಪಾನಿನ ಮಿಯಾಜಾಕಿಯ ಅನಿಮೇಷನ್ ಚಿತ್ರ ‘ಸ್ಪಿರಿಟೆಡ್ ಅವೇ’ ಹಾಕು. ಅಲ್ಲೂ ತಿನ್ನಬಾರದ್ದನ್ನು ತಿನ್ನುತ್ತಾರೆ, ಆದರೆ ತಿಂದು ಹಂದಿಯಾಗುವವರು ಅಪ್ಪ ಅಮ್ಮ, ಬಿಡಿಸಿಕೊಂಡು ಬರುವವಳು ಹತ್ತು ವರ್ಷದ ಚಿಹಿರೊ. ನಿನ್ನ ಹೊಟ್ಟೆ ನೋಡಿ ಪುಟ್ಟಿ ಏನಾದರೂ ಅಂದರೆ ನಾನು ಜವಾಬ್ದಾರನಲ್ಲ. ‘ಕೊರಲೈನ್’ ಅಂತ ಇನ್ನೊಂದು ಅನಿಮೇಷನ್ ಚಿತ್ರವಿದೆ, ಅದಕ್ಕೆ ಸ್ವಲ್ಪ ತಡೆ. ಕಣ್ಣಿಗೆ ಗುಂಡಿ ಹೊಲಿಯಲು ಬರುವ ಇನ್ನೊಬ್ಬಳು ಅಮ್ಮ ಅದರಲ್ಲಿದ್ದಾಳೆ. ಪಾಪು ಬಂದು, ಮನೆಯಲ್ಲಿ ಎಲ್ಲರೂ ಸರಿಯಾಗಿ ನಿದ್ದೆ ಮಾಡುವಂತಾದ ಮೇಲೆ, ಹಗಲು ಹೊತ್ತಿನಲ್ಲಿ ಜೊತೆಗೆ ಕೂತು ನೋಡಿ.

‘ಪ್ಯಾನ್ಸ್ ಲ್ಯಾಬಿರಿಂತ್’ ಅವಳು ಹೈಸ್ಕೂಲು ಮುಗಿಸುವ ಹೊತ್ತಿಗೆ ಇರಲಿ. ಆಗ ನಾನೂ ಬರುತ್ತೇನೆ, ಫ್ರಾಂಕೋ ಯಾರು ಅಂತ ಹೇಳುವ ಕೆಲಸ ನನಗೆ ಬಿಡು.

ನಿನ್ನವ